‘ದೇಹವಿಜಯ’ವೆಂಬ ಮಾತು: ಮೈಕೇಲ್ ಡಿಲ್ಲನ್ನರ ಆತ್ಮಚರಿತ್ರೆ

ಬರೆದವರು ಕಣ್ಮರೆಯಾದ ಮೇಲೆ ಬಹುಕಾಲ ಕತ್ತಲೆಯಲ್ಲಿದ್ದು ಬೆಳಕು ಕಂಡ ಆತ್ಮಚರಿತ್ರೆಗಳು ಕೆಲವುಂಟು. ಮೈಕೇಲ್ ಡಿಲ್ಲನ್ನರ ‘ಔಟ್ ಆಫ್ ದಿ ಆರ್ಡಿನರಿ’ ಅಂತಹುದು. 1962ನೆಯ ಮೇ ತಿಂಗಳ ಆದಿಯಲ್ಲಿ ಹಸ್ತಪ್ರತಿಯನ್ನು ಮುಗಿಸಿದ ಗ್ರಂಥಕರ್ತರು ಅದೇ ತಿಂಗಳು ಹಿಮಾಲಯದ ಡಾಲ್‌ಹೌಸಿಯಲ್ಲಿ, 47ನೆಯ ವಯಸ್ಸಿನಲ್ಲಿ ತೀರಿಕೊಂಡರು. ಗ್ರಂಥವು ಅಮೆರಿಕೆಯ ಫೋರ್ಡ್‌ಹ್ಯಾಮ್ ವಿಶ್ವವಿದ್ಯಾನಿಲಯದ ಮುದ್ರಣಾಲಯದಿಂದ ಹೊರಬಂದುದು 2016ರಲ್ಲಿ.

1915ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಈ ಶಿಶುವನ್ನು ಹೆಣ್ಣೆಂದು ಬರೆಯಿಸಿದ್ದರು. ಆ ಬರೆಹಕ್ಕೂ ಮನಸ್ಸಿಗೂ ಹೊಂದಿಕೆಯಾಗಲಿಲ್ಲ. ಆಕ್ಸ್‌ಫರ್ಡಿನ ವ್ಯಾಸಂಗ, ದೋಣಿಯ ಪಂದ್ಯ, ಯುದ್ಧಕಾಲದಲ್ಲಿ ಬ್ರಿಸ್ಟಲ್ ನಗರದ ಮೋಟಾರು ಗ್ಯಾರೇಜಿನ ದುಡಿಮೆ, ಇವೆಲ್ಲ ನಡೆದವು. 1939ರಲ್ಲಿ ಟೆಸ್ಟೋಸ್ಟಿರೋನ್ ಸೇವನೆ ಮೊದಲಾಯಿತು. 1942ರಲ್ಲಿ ಸ್ತನಗಳನ್ನು ತೆಗೆದರು. 1944ರಲ್ಲಿ ಜನನಪತ್ರದ ತಿದ್ದುಪಡಿಯಾಯಿತು. ಅನಂತರ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ವೈದ್ಯ ವಿದ್ಯಾರ್ಥಿಯಾಗಿದ್ದಾಗಲೇ, 1946ರಿಂದ 1949ರ ವರೆಗೆ, ಬೇಸಿಂಗ್‌ಸ್ಟೋಕಿನ ರೂಕ್ಸ್‌ಡೌನ್ ಹೌಸ್ ಆಸ್ಪತ್ರೆಯಲ್ಲಿ ಸರ್ ಹೆರಾಲ್ಡ್ ಗಿಲ್ಲಿಸ್ ಅವರು ಹದಿಮೂರಕ್ಕೆ ಕಡಮೆಯಿಲ್ಲದ ಶಸ್ತ್ರಕ್ರಿಯೆಗಳಿಂದ ಡಿಲ್ಲನ್ನರಿಗೆ ಪುರುಷಾಂಗವನ್ನು ನಿರ್ಮಿಸಿದರು.

ಇಂತಹ ವಿಷಯವು ಮನೆಮಂದಿ ಓದುವ ಪತ್ರಿಕೆಗೆ ಸಲ್ಲುವುದೇ ಎಂದು ಹುಬ್ಬು ಗಂಟಿಕ್ಕುವವರು ಇರಬಹುದು. ಸುಶ್ರುತನು ಕೊಯ್ದ ಮೂಗನ್ನು ಮತ್ತೆ ಕಟ್ಟುವ ವಿಧಾನವನ್ನು ಹೇಳಿದನೆಂದು ಹೆಮ್ಮೆಪಡುವವರು ಅದೇ ವಿದ್ಯೆಯ ಇನ್ನೊಂದು ಕೊಂಬೆಯ ಹೆಸರಿಗೆ ನಾಚಬೇಕಾದುದಿಲ್ಲ.

ಗ್ರಂಥವು ಎರಡು ಭಾಗಗಳಾಗಿದೆ. ಮೊದಲನೆಯದಕ್ಕೆ ದೇಹದ ವಿಜಯವೆಂದೂ ಎರಡನೆಯದಕ್ಕೆ ಮನಸ್ಸಿನ ವಿಜಯವೆಂದೂ ಅರ್ಥ ಬರುವ ಹೆಸರುಗಳನ್ನು ಗ್ರಂಥಕರ್ತರು ಕೊಟ್ಟಿದ್ದಾರೆ. ಕೇಳಲು ಗಂಭೀರವಾದ ಹೆಸರುಗಳೇ ಸರಿ. ಆದರೆ ಮೊದಲನೆಯ ಭಾಗದೊಳಗೆ ನಡೆದಿರುವುದು ವಿಜಯವಲ್ಲ, ಸಂಧಾನ. ಹಗೆಯನ್ನು ಮುರಿದ ಕಥೆಯಲ್ಲ, ಮೈಯನ್ನು ಒಪ್ಪಿಸಿಕೊಂಡು, ಅದು ಕೊಟ್ಟಷ್ಟನ್ನು ಪಡೆದುಕೊಂಡು ಮುಂದುವರಿದ ಕಥೆ. ಗ್ರಂಥದ ದೊಡ್ಡ ಗುಣವೂ ದೊಡ್ಡ ಕೊರತೆಯೂ ಈ ಒಂದು ಮಾತಿನ ಸುತ್ತಲೇ ಇವೆ.

ಗಿಲ್ಲಿಸ್ ಅವರ ವಿಧಾನವನ್ನು ಸ್ವಲ್ಪ ನೋಡಿದರೆ ಇದು ವಿಶದವಾಗುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಮುಖ ಸುಟ್ಟ, ದವಡೆ ಹಾರಿದ ಸೈನಿಕರಿಗಾಗಿ ಅವರು ರೂಢಿಸಿದ ಉಪಾಯವಿದು: ಚರ್ಮವನ್ನು ಪಟ್ಟಿಯಾಗಿ ಎಬ್ಬಿಸಿ, ಅಂಚಿಗೆ ಅಂಚು ಕೂಡಿಸಿ ಕೊಳವೆಯಾಗಿ ಹೊಲಿದು, ಎರಡು ತುದಿಗಳನ್ನೂ ಮೈಗೆ ಅಂಟಿದಂತೆಯೇ ಬಿಡುವುದು, ರಕ್ತಸಂಚಾರವು ನೆಲೆಗೊಂಡ ಮೇಲೆ, ವಾರಗಳ ತರುವಾಯ, ಒಂದು ತುದಿಯನ್ನು ಬಿಡಿಸಿ ಬೇಕಾದ ಸ್ಥಳಕ್ಕೆ ನಾಟುವುದು. ಡಿಲ್ಲನ್ನರಲ್ಲಿ ಹೊಟ್ಟೆಯ ಚರ್ಮದಿಂದ ಕೊಳವೆಯೊಳಗೊಂದು ಕೊಳವೆಯನ್ನು ಮಾಡಬೇಕಾಯಿತು: ಒಳಗಿನದು ಮೂತ್ರಕ್ಕೆ, ಹೊರಗಿನದು ಆಕಾರಕ್ಕೆ. ಒಂದು ಹೆಜ್ಜೆ ಮಾಯದೆ ಇನ್ನೊಂದು ಹೆಜ್ಜೆಯಿಡುವಂತಿಲ್ಲ. ಆದುದರಿಂದಲೇ ಹದಿಮೂರು, ಆದುದರಿಂದಲೇ ಕಾಲೇಜಿನ ರಜೆಗಳೆಲ್ಲ ಆಸ್ಪತ್ರೆಯ ಪಾಲಾದುದು. ಮೊದಲ ಯೋಜನೆಯು ಕೈಕೊಟ್ಟರೆ ಹತ್ತುವುದಕ್ಕೆ ಇನ್ನೊಂದು ದೋಣಿ ಸಿದ್ಧವಾಗಿರಬೇಕೆಂಬುದು ಗಿಲ್ಲಿಸ್ ಅವರು ಶಿಷ್ಯರಿಗೆ ಹೇಳುತ್ತಿದ್ದ ನಿಯಮಗಳಲ್ಲೊಂದು. ಗೆಲ್ಲಲು ಹೊರಟ ಸೇನಾನಿಯ ಮಾತಲ್ಲ ಇದು. ಹೊಳೆಯ ಸ್ವಭಾವವನ್ನು ಬಲ್ಲ ಅಂಬಿಗನ ಮಾತು.

ಈಗ ಟ್ರಾನ್ಸ್ ಪುರುಷರಿಗೆ ಮಾಡುವ ಶಸ್ತ್ರಚಿಕಿತ್ಸೆಯಲ್ಲಿ ಉಪಕರಣಗಳು ಬದಲಾಗಿವೆ. ಯೋಜನೆಯ ಧರ್ಮವು ಬದಲಾಗಿಲ್ಲ. 1984ರಲ್ಲಿ ಚೀನಾದ ಶಸ್ತ್ರವೈದ್ಯರು ಮುಂಗೈಯ ಚರ್ಮವನ್ನು ರಕ್ತನಾಳಗಳೊಡನೆ ಬಿಡಿಸಿ, ಸೂಕ್ಷ್ಮದರ್ಶಕದ ಸಹಾಯದಿಂದ ಅಂಗವನ್ನು ರಚಿಸುವ ಕ್ರಮವನ್ನು ಪ್ರಕಟಿಸಿದರು. ಅದಕ್ಕೆ ಮೊದಲು ಕೈಗೆ ಉಳಿಯುವ ಒಂದೇ ನಾಳವು ರಕ್ತವನ್ನು ಪೂರೈಸಬಲ್ಲುದೇ ಎಂದು ಪರೀಕ್ಷಿಸಬೇಕು. ಮೂತ್ರನಾಳವಾಗಲಿರುವ ಚರ್ಮದ ರೋಮವನ್ನು ತಿಂಗಳುಗಳ ಮುಂಚೆಯೇ ನಿವಾರಿಸಬೇಕು. ಗರ್ಭಕೋಶವನ್ನು ತೆಗೆಯುವುದಾದರೆ, ಮಕ್ಕಳ ಆಸೆಯುಂಟೇ ಎಂಬ ಪ್ರಶ್ನೆಗೆ ಅದಕ್ಕೆ ಮೊದಲೇ ಉತ್ತರ ಕಂಡುಕೊಂಡಿರಬೇಕು. ನಿಂತು ಮೂತ್ರ ಮಾಡುವುದು ಮುಖ್ಯವೋ, ಸ್ಪರ್ಶಜ್ಞಾನವು ಉಳಿಯುವುದು ಮುಖ್ಯವೋ, ಕೈಮೇಲಿನ ಕಲೆಯನ್ನು ಸಹಿಸಬಹುದೋ—ಇವನ್ನು ವೈದ್ಯನು ತೀರ್ಮಾನಿಸಲಾರನು. ಮೂತ್ರನಾಳವನ್ನು ಉದ್ದಮಾಡಿದರೆ ಅದು ಸೋರುವ ಅಥವಾ ಕಿರಿದಾಗುವ ಭಯ ಅಲ್ಪವಲ್ಲ. ಟೆಸ್ಟೋಸ್ಟಿರೋನಿನಿಂದ ಬೆಳೆದ ಸ್ವಂತ ಅಂಗದಿಂದಲೇ ಚಿಕ್ಕದೊಂದನ್ನು ರೂಪಿಸಿಕೊಂಡು ತೃಪ್ತರಾಗುವವರುಂಟು. ಏನೂ ಬೇಡವೆನ್ನುವವರೂ ಉಂಟು; ಅವರು ಪೌರುಷದಲ್ಲಿ ಒಂದು ಗುಲಗಂಜಿಯಷ್ಟೂ ಕಡಮೆಯವರಲ್ಲ.

ಇಷ್ಟೆಲ್ಲ ತೂಕಗಳನ್ನು ಸ್ವತಃ ತೂಗಿದ ಮೊದಲಿಗರಲ್ಲಿ ಡಿಲ್ಲನ್ನರೊಬ್ಬರು. ಹೀಗಿರಲಾಗಿ ಆತ್ಮಚರಿತ್ರೆಯಿಂದ ವಾಚಕನು ಅಪೇಕ್ಷಿಸುವುದು ಆ ತೂಗಾಟವನ್ನು. ಗ್ರಂಥವು ಅಲ್ಲಿ ಮಿತಭಾಷಿ. ಆಸ್ಪತ್ರೆಯ ಒಡನಾಟಕ್ಕೆ ಸಿಕ್ಕಿರುವ ಬಣ್ಣವು ಶಸ್ತ್ರಕ್ರಿಯೆಯ ನಿರ್ಧಾರಗಳಿಗೆ ಸಿಕ್ಕಿಲ್ಲ. ಅದಕ್ಕೆ ಕಾರಣವೂ ಸ್ಪಷ್ಟ. ಗಿಲ್ಲಿಸ್ ಅವರು ಆಸ್ಪತ್ರೆಯ ದಾಖಲೆಯಲ್ಲಿ ಬರೆದುದು, ಗಂಡುಮಕ್ಕಳಿಗೆ ಬರುವ ಮೂತ್ರದ್ವಾರದ ಒಂದು ಜನ್ಮದೋಷವೆಂದು. ಶಸ್ತ್ರಕ್ರಿಯೆಯ ಗಾಯಗಳು ಕೆಟ್ಟು ಕುಂಟುತ್ತಿದ್ದಾಗ ಡಿಲ್ಲನ್ನರು ಗೆಳೆಯರಿಗೆ ಹೇಳಿದುದು, ಯುದ್ಧದ ಪೆಟ್ಟೆಂದು. 1946ರಲ್ಲಿ ಅವರೇ ಪ್ರಕಟಿಸಿದ ‘ಸೆಲ್ಫ್’ ಎಂಬ ಶಾಸ್ತ್ರಗ್ರಂಥದಲ್ಲಿ ಮನಸ್ಸನ್ನು ತಿದ್ದಲಾಗದಲ್ಲಿ ದೇಹವನ್ನು ತಿದ್ದುವುದೇ ನ್ಯಾಯವೆಂಬ ವಾದವು ಖಡ್ಗಧಾರೆಯಂತಿದೆ. ಆದರೆ ಅದು ತನ್ನ ಕಥೆಯೆಂಬ ಸೂಚನೆ ಮಾತ್ರ ಎಲ್ಲಿಯೂ ಇಲ್ಲ. ಅಲ್ಲಿ ವಾದವುಂಟು, ಮೈಯಿಲ್ಲ. ಇಲ್ಲಿ ಮೈಯುಂಟು, ವಾದವು ತೆಳುವಾಗಿದೆ. ಎರಡನ್ನೂ ಜೊತೆಯಾಗಿ ಓದದ ವಾಚಕನಿಗೆ ಅರ್ಧವೇ ದಕ್ಕುವುದು.

ವಿಜಯವೆಂಬ ಮಾತನ್ನು ಗ್ರಂಥದ ಉತ್ತರಾರ್ಧವೇ ಸುಳ್ಳಾಗಿಸುತ್ತದೆ. 1958ರಲ್ಲಿ, ಶ್ರೀಮಂತ ಮನೆತನಗಳ ವಂಶಾವಳಿಯ ಎರಡು ಪುಸ್ತಕಗಳಲ್ಲಿ ಒಂದು ತಮ್ಮನೆಂದೂ ಇನ್ನೊಂದು ತಂಗಿಯೆಂದೂ ನಮೂದಿಸಿದುದನ್ನು ವೃತ್ತಪತ್ರಿಕೆಗಳು ಹಿಡಿದೆಳೆದವು. ಹಡಗಿನ ವೈದ್ಯರಾಗಿದ್ದವರು ಭಾರತಕ್ಕೆ ಬಂದು, ಕಾಲಿಂಪಾಂಗಿನಲ್ಲಿಯೂ ಸಾರನಾಥದಲ್ಲಿಯೂ ನೆಲೆಸಿ, ಬುದ್ಧನ ವೈದ್ಯನಾದ ಜೀವಕನ ಹೆಸರನ್ನು ಧರಿಸಿದರು. ವಿನಯನಿಯಮಗಳು ಅಡ್ಡಬಂದುದರಿಂದ ಪೂರ್ಣ ಭಿಕ್ಷುದೀಕ್ಷೆಯು ದೊರೆಯಲಿಲ್ಲ. 1960ರಲ್ಲಿ ಲಡಾಖಿನ ರಿಜೊಂಗ್ ವಿಹಾರದಲ್ಲಿ ಶ್ರಾಮಣೇರರಾಗಿ ಕೆಲಕಾಲವಿದ್ದರು. ಗೆದ್ದೆನೆಂದುಕೊಂಡ ದೇಹವು ಸಂಘದ ಬಾಗಿಲಲ್ಲಿ ಮತ್ತೆ ಎದುರು ನಿಂತಿತು. ಈ ಪ್ರಕರಣಗಳಲ್ಲಿ ಗದ್ಯವು ಸಹಜವಾಗಿದೆ, ಅಹಂಕಾರವು ಇಳಿದಿದೆ. ಪೌರಸ್ತ್ಯರನ್ನು ಕುರಿತ ಆಂಗ್ಲೇಯ ಮೇಲ್ಮೆಯ ಧ್ವನಿಯು ಅಲ್ಲಲ್ಲಿ ಇಣುಕದೆಯೂ ಇಲ್ಲ.

ಸಂಪಾದಕರಾದ ಜೇಕಬ್ ಲಾವ್ ಮತ್ತು ಕ್ಯಾಮರೂನ್ ಪಾರ್ಟ್ರಿಜ್ ಅವರ ಪೀಠಿಕೆಯೂ ಸೂಸನ್ ಸ್ಟ್ರೈಕರ್ ಅವರ ಮುನ್ನುಡಿಯೂ ಉಪಯುಕ್ತವಾಗಿವೆ. ಕನ್ನಡಕ್ಕೆ ತರುವವರು ಮೊದಲ ಭಾಗದ ಶಿರೋನಾಮೆಯ ಮುಂದೆ ಸ್ವಲ್ಪ ಹೊತ್ತು ಕುಳಿತುಕೊಳ್ಳಬೇಕಾದೀತು.