ಅರೀಥಾ ಫ್ರಾಂಕ್ಲಿನ್: ಮರಳಿ ಕೇಳಿದಾಗ

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಸಂಗೀತಕ್ಕೂ ಸಲ್ಲುತ್ತದೆ. ಅಮೆರಿಕದ ಗಾಯಕಿ ಅರೀಥಾ ಫ್ರಾಂಕ್ಲಿನ್ (1942–2018) ಹಾಡಿದ ‘ರೆಸ್ಪೆಕ್ಟ್’ ನನ್ನ ಪಾಲಿಗೆ ಅಂಥ ಗಿಡ. ಬಾಲ್ಯದಲ್ಲಿ ನಮ್ಮ ಮನೆಯಲ್ಲಿದ್ದ ಇಂಗ್ಲಿಷ್ ರೆಕಾರ್ಡು ಅದೊಂದೇ. ಅಣ್ಣ ಅದನ್ನು ಹೊತ್ತುಗೊತ್ತಿಲ್ಲದೆ ಹಾಕುತ್ತಿದ್ದ. ಗೋಡೆ ಗಡಿಯಾರದ ಸದ್ದಿನಂತೆ ಅದು ಕಿವಿಗೆ ಬಿದ್ದರೂ ಕೇಳಿಸದಂತಾಯಿತು. 40 ವರ್ಷಗಳ ತರುವಾಯ, ಆ ಹಾಡು ಸೇರಿದ್ದ 1967ರ ಧ್ವನಿಮುದ್ರಿಕೆಯನ್ನು ಇಡಿಯಾಗಿ ಕೇಳಿದೆ. ಆ ಕಂಠದ ನಿಜವಾದ ಪರಿಚಯವಾದದ್ದು ಆಗಲೇ.

‘ಸೋಲ್’ ಎಂಬ ಈ ಪದ್ಧತಿ ಅಮೆರಿಕದ ಕಪ್ಪು ಜನರ ಇಗರ್ಜಿಯ ಹಾಡಿಗೂ ‘ಬ್ಲೂಸ್’ ಎಂಬ ಲೌಕಿಕ ಹಾಡಿಗೂ ಹುಟ್ಟಿದ್ದು. ಅರೀಥಾ ಡೆಟ್ರಾಯಿಟ್ ನಗರದ ಹೆಸರಾಂತ ಪಾದ್ರಿಯ ಮಗಳು. ಒಬ್ಬರು ನುಡಿದರೆ ಸಭೆಯೇ ಮಾರ್ನುಡಿಯುವ ಕ್ರಮ ಆಕೆಗೆ ಚಿಕ್ಕಂದಿನಿಂದ ಒಲಿದದ್ದು.

‘ರೆಸ್ಪೆಕ್ಟ್’ ಬರೆದು ಮೊದಲು ಹಾಡಿದವರು ಓಟಿಸ್ ರೆಡಿಂಗ್, 1965ರಲ್ಲಿ. ಅಲ್ಲಿ ಅದು ಮನೆಗೆ ಮರಳುವ ಗಂಡಸಿನ ಕೋರಿಕೆ. ಅರೀಥಾ ಅದನ್ನು ಹೆಣ್ಣಿನ ಬಾಯಲ್ಲಿಟ್ಟರು. ಮರ್ಯಾದೆ ಎಂಬರ್ಥದ ಆ ಪದದ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಹೇಳುವ ಭಾಗವನ್ನು ಸೇರಿಸಿದರು. ಹಿಂದಿನಿಂದ ಅಕ್ಕ ಅರ್ಮಾ, ತಂಗಿ ಕ್ಯಾರೊಲಿನ್ ದನಿಗೂಡಿಸುತ್ತಾರೆ. ಕೋರಿಕೆ ಹಕ್ಕಿನ ಮಾತಾಯಿತು. ನಾಗರಿಕ ಹಕ್ಕುಗಳ ಚಳವಳಿಯೂ ಮಹಿಳಾ ಚಳವಳಿಯೂ ಅದನ್ನು ತಮ್ಮದಾಗಿಸಿಕೊಂಡವು. ಆದರೆ ಘೋಷಣೆಯಾದ ಹಾಡನ್ನು ಜನ ಕೂಗುತ್ತಾರೆಯೇ ಹೊರತು ಕಿವಿಗೊಟ್ಟು ಕೇಳುವುದು ಅಪರೂಪ.

ಅದೇ ಮುದ್ರಿಕೆಗೆ ಹೆಸರು ಕೊಟ್ಟ ಹಾಡು ‘ಐ ನೆವರ್ ಲವ್ಡ್ ಎ ಮ್ಯಾನ್’. ಅಲಬಾಮಾದ ಮಸಲ್ ಶೋಲ್ಸ್ ಎಂಬ ಊರಿನಲ್ಲಿ 1967ರ ಜನವರಿಯಲ್ಲಿ ಇದನ್ನು ಮುದ್ರಿಸಿದರು. ಪಿಯಾನೋ ನುಡಿಸಿದವರೂ ಅರೀಥಾ ಅವರೇ. ಇಲ್ಲಿಯ ಹೆಣ್ಣು ತನ್ನ ಗಂಡು ಸುಳ್ಳುಗಾರ, ಮೋಸಗಾರ ಎಂದು ಬಲ್ಲಳು, ಆದರೂ ಬಿಟ್ಟುಹೋಗಲಾರಳು. ಪಲ್ಲವಿಯ ಮಾತನ್ನು ಗಾಯಕಿ ಒಮ್ಮೆಗೇ ಹೇಳಿ ಮುಗಿಸುವುದಿಲ್ಲ. ತಡೆಯುತ್ತಾರೆ, ಅದೇ ಪದವನ್ನು ಮತ್ತೆ ಹಿಡಿಯುತ್ತಾರೆ, ಬಳಿಕವೇ ಮುಂದಡಿಯಿಡುತ್ತಾರೆ. ಒಪ್ಪಿಕೊಳ್ಳಲು ನಾಚುವ ಮನಸ್ಸಿನ ನಡಿಗೆಯೇ ಅದು.

ಮರ್ಯಾದೆ ಕೇಳುವವಳು, ಮರ್ಯಾದೆಗೆಟ್ಟ ಒಲವಿಗೆ ಸಿಕ್ಕಿದವಳು, ಇಬ್ಬರಿಗೂ ದನಿ ಒಂದೇ. ಇದು ವಿರೋಧಾಭಾಸವಲ್ಲ. ಮರ್ಯಾದೆ ಇಲ್ಲದ ಬಾಳಿನ ರುಚಿ ಕಂಡವಳ ಬಾಯಲ್ಲಿ ಮಾತ್ರ ಆ ಬೇಡಿಕೆಗೆ ಅಷ್ಟು ತೂಕ ಬರುತ್ತದೆ. ಮೊದಲನೆಯದನ್ನಷ್ಟೇ ಕೇಳಿದವರಿಗೆ ಅರೀಥಾ ಬರಿಯ ಧೀರೆ. ಎರಡನ್ನೂ ಕೇಳಿದವರಿಗೆ ಆಕೆ ಮನುಷ್ಯಳು. ಅಲ್ಲದೆ ದೊಡ್ಡ ಕಲಾವಿದೆ. ರಸಿಕರು ಇವೆರಡನ್ನೂ ಒಂದಾದ ಮೇಲೊಂದರಂತೆ ಕೇಳಬೇಕು.