‘ಬರ್ಲಾಕತ್ತೀನಿ’ ಎಂಬ ಮಾತು

ಬೀದರ್, ಹುಮನಾಬಾದ್, ಕಲಬುರಗಿಗಳ ಬಸ್ಸುಗಳು ಮುಂಬಯಿ ಹೆದ್ದಾರಿಯನ್ನು ಹಿಡಿದು, ಪಟಾನ್‌ಚೆರು ಮಿಯಾಪುರಗಳನ್ನು ದಾಟಿ ಹೈದರಾಬಾದನ್ನು ಹೊಗುವ ದಾರಿಯಲ್ಲಿರುವ ಕೂಕಟ್‌ಪಲ್ಲಿಯಲ್ಲಿ, ಕ್ರಿಯಾಪದಗಳನ್ನು ರಾಗದಂತೆ ಆಲಿಸುವ ಅಭ್ಯಾಸವುಳ್ಳವನಿಗೆ ಬೇಸರವೆಂಬುದೇ ಇಲ್ಲ. ಮೊನ್ನೆ ಸಂಜೆ ನಿಲ್ದಾಣದಲ್ಲಿ ನನ್ನ ಪಕ್ಕದಲ್ಲಿಯೇ ಮೂವರು ಮೊಬೈಲನ್ನು ಕಿವಿಗೊತ್ತಿಕೊಂಡು ಒಂದೇ ಮಾತನ್ನು ಮೂರು ಬಗೆಯಾಗಿ ನುಡಿದರು. ಕಾಲೇಜಿನ ತರುಣನು ‘ವಸ್ತುನ್ನಾ’ ಎಂದನು. ಆಟೋದವನು ದಖನಿಯಲ್ಲಿ ‘ಆರೌಂ’ ಎಂದನು. ಕಲಬುರಗಿಯ ಕಡೆಯವರೆಂದು ಮಾತಿನಿಂದಲೇ ತಿಳಿಯುತ್ತಿದ್ದ ತಾಯಿಯೊಬ್ಬರು, ತರಕಾರಿಯ ಚೀಲವನ್ನು ಕಾಲ ಬಳಿ ಇಳಿಸಿ, ‘ಬರ್ಲಾಕತ್ತೀನಿ ಯಕ್ಕಾ, ಬರ್ಲಾಕತ್ತೀನಿ’ ಎಂದರು.

ತೆಲುಗಿನ ರೂಪವನ್ನು ಬಿಡಿಸಿದರೆ ‘ವಸ್ತೂ ಉನ್ನಾನು’. ನಮ್ಮ ಗ್ರಾಂಥಿಕ ರೂಪವನ್ನು ಬಿಡಿಸಿದರೆ ‘ಬರುತ್ತ ಇದ್ದೇನೆ’. ಎರಡರಲ್ಲಿಯೂ ಮುಗಿಯದ ಕ್ರಿಯೆಗೆ ಆಧಾರವಾಗಿ ನಿಂತುದು ಅಸ್ತಿತ್ವವಾಚಕವಾದ ಧಾತು. ತೆಲುಗು ನಮ್ಮ ‘ಉಂಟು’, ‘ಉಳ್ಳ’ಗಳ ಕುಲದ ಧಾತುವನ್ನು ವರಿಸಿತು, ಕನ್ನಡವು ‘ಇರು’ವನ್ನು ವರಿಸಿತು, ಭೇದವಿಷ್ಟೆ. ದಖನಿಯಲ್ಲಿ ‘ಆ ರಹಾ ಹೂಂ’ ಎಂಬುದೇ ಸವೆದು ‘ಆರೌಂ’ ಆಗಿದೆ. ಅಲ್ಲಿಯ ‘ರಹ್’ ಎಂದರೆ ತಂಗು, ಉಳಿ. ಹಳಗನ್ನಡದಲ್ಲಿ ವರ್ತಮಾನಕ್ಕೆ ‘ದಪ’ ಎಂಬ ಪ್ರತ್ಯಯವಿದ್ದಿತು. 13ನೆಯ ಶತಮಾನದ ವೈಯಾಕರಣ ಕೇಶಿರಾಜನು ಅದನ್ನೇ ವಿಧಿಸಿದ್ದಾನೆ. ಅದರಿಂದಾದ ‘ಬಂದಪೆಂ’ ಎಂಬ ರೂಪವು ಕಾಲಾಂತರದಲ್ಲಿ ಲುಪ್ತವಾಯಿತು.

ಆದರೆ ನನ್ನ ಮನಸ್ಸು ನಿಲ್ಲುವುದು ಆ ತಾಯಿಯ ಮಾತಿನಲ್ಲಿ. ‘ಬರಲಿಕ್ಕೆ ಹತ್ತಿದ್ದೇನೆ’ ಎಂಬುದು ಅದರ ಪೂರ್ಣಸ್ವರೂಪ. ಧಾರವಾಡದ ಕಡೆ ಅದೇ ‘ಬರಾಕತ್ತೇನಿ’ ಆಗುತ್ತದೆ. ಇದನ್ನು ಅಶುದ್ಧವೆಂದು ತಿದ್ದುವ ಸುಶಿಕ್ಷಿತರನ್ನು ನಾನು ಬಹಳ ಮಂದಿಯನ್ನು ಕಂಡಿದ್ದೇನೆ, ಕಂಡಾಗಲೆಲ್ಲ ವ್ಯಥೆಪಟ್ಟಿದ್ದೇನೆ. ಹಳಗನ್ನಡದ ‘ಪತ್ತು’ ಎಂಬ ಧಾತುವೇ ಪಕಾರವು ಹಕಾರವಾಗಿ ‘ಹತ್ತು’ ಆಯಿತು. ತಮಿಳಿನಲ್ಲಿ ಬೆಂಕಿ ಹೊತ್ತುವುದಕ್ಕೆ ಬಳಸುವ ‘ಪಱ್ಱು’ ಇದರ ಒಡಹುಟ್ಟು. ಅಂಟು, ತಗುಲು, ಹಿಡಿ ಎಂಬುದು ಅದರ ಮೂಲಾರ್ಥ. ಬೆಂಕಿ ಹತ್ತುತ್ತದೆ, ನಿದ್ದೆ ಹತ್ತುತ್ತದೆ, ಒಬ್ಬನು ಇನ್ನೊಬ್ಬನ ಬೆನ್ನು ಹತ್ತುತ್ತಾನೆ. ಹಾಗೆಯೇ ಬರುವ ಕ್ರಿಯೆಯೂ ಮನುಷ್ಯನಿಗೆ ಹತ್ತುತ್ತದೆ. ‘ಬರುತ್ತಿದ್ದೇನೆ’ ಎಂಬಲ್ಲಿ ಕರ್ತೃವು ಕ್ರಿಯೆಯೊಳಗೆ ಸುಮ್ಮನೆ ಇದ್ದಾನೆ. ‘ಬರ್ಲಾಕತ್ತೀನಿ’ ಎಂಬಲ್ಲಿ ಅವನು ಅದಕ್ಕೆ ಅಂಟಿಕೊಂಡಿದ್ದಾನೆ. ಗ್ರಾಂಥಿಕ ಗದ್ಯದಲ್ಲಿ ‘ನುಡಿಯಹತ್ತಿದನು’ ಎಂದರೆ ಪ್ರಾರಂಭಮಾತ್ರ. ಉತ್ತರದ ಆಡುನುಡಿಯು ಆ ಪ್ರಾರಂಭವನ್ನು ಹಿಗ್ಗಿಸಿ ಸಾತತ್ಯವನ್ನಾಗಿ ಮಾಡಿಕೊಂಡಿತು.

ಇನ್ನೂ ಒಂದು ಸೂಕ್ಷ್ಮವುಂಟು. ಕಲಬುರಗಿಯ ಸೀಮೆಯಲ್ಲಿ ‘ಬಂದೀನಿ’ ಎಂದರೆ ‘ಬಂದಿದ್ದೇನೆ’. ಅಂತೆಯೇ ‘ಹತ್ತೀನಿ’ ಎಂದರೆ ‘ಹತ್ತಿದ್ದೇನೆ’. ಎಂದಮೇಲೆ ನಮ್ಮ ‘ಇರು’ ಅಲ್ಲಿಯೂ ಅಳಿದಿಲ್ಲ. ಆ ಒಂದು ದೀರ್ಘದಲ್ಲಿ ಅಡಗಿ ಕುಳಿತಿದೆ.

1956ರ ನವೆಂಬರ್ 1ರವರೆಗೆ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯಕ್ಕೆ ಸೇರಿದ್ದವು. ಕನ್ನಡ, ತೆಲುಗು, ಮರಾಠಿ, ಉರ್ದುಗಳು ಒಂದೇ ಸಂತೆಯಲ್ಲಿ ಮೈಗೆ ಮೈ ತಾಗಿ ಬಾಳಿದುವು. ಮರಾಠಿಯ ‘ಕರೂ ಲಾಗಲಾ’ ಎಂಬಲ್ಲಿಯೂ ಇರುವುದು ತಗುಲುವ, ಅಂಟುವ ಧಾತುವೇ. ಅಲ್ಲಿಯೂ ಬೆಂಕಿಗೆ ಅದೇ ಪದ. ಈ ಸಾಮ್ಯವು ನನಗೆ ಪರಮಪ್ರಿಯವಾದುದು.

ಅಷ್ಟರಲ್ಲಿ ಜಹೀರಾಬಾದಿನ ದಾರಿಯ ಬಸ್ಸು ಬಂದಿತು. ಕಂಡಕ್ಟರನು ಬಾಗಿಲಿನಿಂದ ‘ಬರ್ರೀ ಅವ್ವಾರ, ಲಗೂನ’ ಎಂದು ಕೂಗಿದನು. ಆ ತಾಯಿ ಇನ್ನೂ ಹತ್ತು ಹೆಜ್ಜೆ ದೂರದಲ್ಲಿದ್ದರು, ಚೀಲವನ್ನು ಎತ್ತಿಕೊಳ್ಳಲು ಬಾಗಿದ್ದರು. ಬಾಗಿದವರೇ ವರ್ತಮಾನವನ್ನೂ ಸಾತತ್ಯವನ್ನೂ ಕೈಬಿಟ್ಟು ಭೂತಕಾಲದಲ್ಲಿ ಉತ್ತರವಿತ್ತರು: ‘ಬಂದೆ, ಬಂದೆ!’