‘ತಪ್ಪದೆ ಸೇವಿಸಿ’ ಎಂಬ ಅರ್ಧ ವಾಕ್ಯ

ನನ್ನ ಮೇಜಿನ ಮೇಲೆ ಒಂದು ಕರಪತ್ರವಿದೆ. ಮಧುಮೇಹಿಗಳಿಗೆ ಕಿವಿಮಾತು ಹೇಳುವ, ಎರಡು ಬಣ್ಣದಲ್ಲಿ ಅಚ್ಚಾದ ಒಂದೇ ಹಾಳೆ. ಇದನ್ನು ಯಾರು ಅಚ್ಚು ಹಾಕಿಸಿದರು ಎಂಬುದು ಇಲ್ಲಿ ಮುಖ್ಯವಲ್ಲ. ಇದೇ ಮಾತುಗಳ, ಇದೇ ಚಿತ್ರಗಳ ಹಾಳೆಗಳನ್ನು ನೀವೂ ಆಸ್ಪತ್ರೆಯ ಗೋಡೆಯ ಮೇಲೆ, ಔಷಧಿ ಅಂಗಡಿಯಲ್ಲಿ, ಆರೋಗ್ಯ ಶಿಬಿರಗಳಲ್ಲಿ ನೋಡಿರುತ್ತೀರಿ. ಕಾದಂಬರಿ, ಕವನ ಸಂಕಲನಗಳಿಗೆ ನಾವು ವಿಮರ್ಶೆ ಬರೆಯುತ್ತೇವೆ. ಜನರ ಪ್ರಾಣದೊಡನೆ ನೇರವಾಗಿ ವ್ಯವಹರಿಸುವ ಈ ಬಗೆಯ ಬರಹವನ್ನು ಮಾತ್ರ ಯಾರೂ ಎರಡನೆಯ ಸಲ ಓದುವುದಿಲ್ಲ. ಈ ಹಾಳೆಯನ್ನು ಗುಂಡ್ಲುಪೇಟೆ ಅಥವಾ ಚಾಮರಾಜನಗರದ ಕಡೆಯ ಒಬ್ಬ ರೋಗಿಯ ಕೈಗೆ ಕೊಟ್ಟು, ಆಕೆಯ ಪಕ್ಕದಲ್ಲಿ ಕುಳಿತು ಓದೋಣ ಬನ್ನಿ.

ಗುಣಗಳನ್ನು ಮೊದಲು ಹೇಳಬೇಕು. ಕಾಯಿಲೆಯ ವಿವರಣೆ ತಪ್ಪಿಲ್ಲ. ಉಪವಾಸದ ರಕ್ತದಲ್ಲಿ ಡೆಸಿಲೀಟರಿಗೆ 126 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಗ್ಲುಕೋಸ್ ಇದ್ದರೆ ಮಧುಮೇಹ ಎಂಬ ಅಳತೆ ಸರಿಯಾಗಿದೆ. ಬೇರು, ಬೀಜ, ಕಷಾಯಗಳನ್ನು ನಂಬಿ ಔಷಧಿ ಬಿಡಬೇಡಿ ಎಂದು ಖಡಾಖಂಡಿತವಾಗಿ ಹೇಳಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇಕಡ 11.4 ಮಂದಿಗೆ, ಅಂದರೆ ಸುಮಾರು 10 ಕೋಟಿ ಜನರಿಗೆ, ಮಧುಮೇಹವಿದೆ. ಇದು ಪಟ್ಟಣದ ಶ್ರೀಮಂತರ ಕಾಯಿಲೆ ಎಂಬ ಹಳೆಯ ಮಾತನ್ನು ಕರಪತ್ರ ಎತ್ತಿಲ್ಲವೆಂಬುದೂ ಸಮಾಧಾನ.

ತೊಂದರೆ ಇರುವುದು ದಪ್ಪ ಅಕ್ಷರದ ಆ ಒಂದು ಸಾಲಿನಲ್ಲಿ: ‘ಔಷಧಿಯನ್ನು ತಪ್ಪದೆ ಸೇವಿಸಿ’.

ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಮುಂಗಾರಿನ ದಿನಗಳಲ್ಲಿ ಚೆಂಡು ಹೂವು ಕೊಯ್ಯಲು ಕೂಲಿಗೆ ಹೋಗುವ, ಐವತ್ತೈದು ದಾಟಿದ ಒಬ್ಬ ಹೆಂಗಸನ್ನು ಕಲ್ಪಿಸಿಕೊಳ್ಳಿ. ಬೆಳಗ್ಗೆ ಆರಕ್ಕೆ ಎದ್ದು ಒಂದು ಲೋಟ ಟೀ ಕುಡಿದು ಹೊಲಕ್ಕೆ ಹೊರಡುತ್ತಾಳೆ. ಹಿಟ್ಟು, ಸಾರು ಹೊಟ್ಟೆಗೆ ಬೀಳುವುದು ಹತ್ತೂವರೆ ಅಥವಾ ಹನ್ನೊಂದಕ್ಕೆ. ವೈದ್ಯರ ಚೀಟಿಯಲ್ಲಿ ‘1-0-1’ ಎಂದಿದೆ. ಬೆಳಗ್ಗೆ ಒಂದು, ರಾತ್ರಿ ಒಂದು ಎಂದು ಅಂಗಡಿಯವರು ಹೇಳಿ ಕಳಿಸಿದ್ದಾರೆ. ಕರಪತ್ರ ತಪ್ಪದೆ ಸೇವಿಸು ಎನ್ನುತ್ತದೆ. ಆಕೆ ತಪ್ಪುವುದಿಲ್ಲ, ಟೀ ಜೊತೆಗೇ ಮಾತ್ರೆ ನುಂಗುತ್ತಾಳೆ. ಒಂಬತ್ತೂವರೆಗೆ ಹೂವಿನ ಸಾಲಿನಲ್ಲಿ ಬೆವರು ಕಿತ್ತು ಬರುತ್ತದೆ, ಕೈ ನಡುಗುತ್ತದೆ, ಕಣ್ಣು ಕತ್ತಲಿಡುತ್ತದೆ. ಜೊತೆಯವರು ಬಿಸಿಲು ಹೊಡೆಯಿತು ಎನ್ನುತ್ತಾರೆ. ಸೂಚನೆಯನ್ನು ಅಕ್ಷರಶಃ ಪಾಲಿಸಿದ್ದೇ ಆಕೆಯನ್ನು ಬೀಳಿಸಿತು ಎಂದು ಯಾರಿಗೂ ಹೊಳೆಯುವುದಿಲ್ಲ.

ಇಲ್ಲಿರುವ ರಸಾಯನ ವಿಜ್ಞಾನವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಎಲ್ಲ ಸಕ್ಕರೆ ಮಾತ್ರೆಗಳೂ ಒಂದೇ ರೀತಿ ಕೆಲಸ ಮಾಡುವುದಿಲ್ಲ. ಮೆಟ್‌ಫಾರ್ಮಿನ್ ಮುಖ್ಯವಾಗಿ ಯಕೃತ್ತು ರಕ್ತಕ್ಕೆ ಬಿಡುವ ಗ್ಲುಕೋಸನ್ನು ತಗ್ಗಿಸುತ್ತದೆ. ಅದೊಂದನ್ನೇ ನುಂಗಿದವರಲ್ಲಿ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯುವುದು ಅಪರೂಪ. ಹೊಟ್ಟೆ ಕೆಡದಿರಲಿ ಎಂದು ಅದನ್ನು ಊಟದೊಂದಿಗೆ ಕೊಡುತ್ತಾರೆ. ಗ್ಲಿಬೆನ್‌ಕ್ಲಮೈಡ್, ಗ್ಲಿಮಿಪಿರೈಡ್‌ಗಳು ಸಲ್ಫೊನಿಲ್‌ಯೂರಿಯ ಗುಂಪಿನವು. ಇವು ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳ ಪೊಟ್ಯಾಸಿಯಮ್ ದ್ವಾರಗಳನ್ನು ಮುಚ್ಚಿ ಇನ್ಸುಲಿನ್ ಹೊರಬರುವಂತೆ ಮಾಡುತ್ತವೆ. ರಕ್ತದಲ್ಲಿ ಗ್ಲುಕೋಸ್ ಹೆಚ್ಚಿದೆಯೋ ಇಲ್ಲವೋ ಎಂದು ಇವು ಕಾಯುವುದಿಲ್ಲ. ಊಟ ಬಂದರೂ ಬರದಿದ್ದರೂ ಇನ್ಸುಲಿನ್ ಬಂದೇ ಬರುತ್ತದೆ.

ಈ ಗುಣ ಪತ್ತೆಯಾದ ಕತೆಯೇ ಒಂದು ಎಚ್ಚರಿಕೆ. 1942ರಲ್ಲಿ ಫ್ರಾನ್ಸಿನ ಮಾಂಪೆಲಿಯೆಯಲ್ಲಿ ಮಾರ್ಸೆಲ್ ಜಾನ್‌ಬಾನ್ ಎಂಬ ವೈದ್ಯ ಟೈಫಾಯಿಡ್ ರೋಗಿಗಳಿಗೆ ಒಂದು ಹೊಸ ಸಲ್ಫಾ ಔಷಧಿಯನ್ನು ಕೊಟ್ಟು ನೋಡುತ್ತಿದ್ದರು. ಕೆಲವರಿಗೆ ಸೆಳವು ಬಂತು, ಪ್ರಜ್ಞೆ ತಪ್ಪಿತು, ಸಾವುಗಳೂ ಆದವು. ಕಾರಣ ಹುಡುಕಿದಾಗ ಸಿಕ್ಕಿದ್ದು ರಕ್ತದಲ್ಲಿ ಕುಸಿದ ಸಕ್ಕರೆ. ಅದೇ ಊರಿನ ಆಗಸ್ಟ್ ಲೂಬಾತಿಯೆರ್ ನಾಯಿಗಳ ಮೇಲೆ ಪ್ರಯೋಗ ಮಾಡಿ, ಔಷಧಿ ಕೆಲಸ ಮಾಡುವುದು ಮೇದೋಜೀರಕದ ಮೂಲಕ ಎಂದು ತೋರಿಸಿದರು. ಅಂದರೆ ಈ ಗುಂಪಿನ ಔಷಧಿಗಳು ಬೆಳಕಿಗೆ ಬಂದದ್ದೇ ರೋಗಿಗಳ ಸಕ್ಕರೆಯನ್ನು ಅಪಾಯಕ್ಕೆ ಇಳಿಸಿದ್ದರಿಂದ. ಎಂಬತ್ತು ವರ್ಷ ಕಳೆದ ಮೇಲೂ ನಮ್ಮ ಕರಪತ್ರದಲ್ಲಿ ‘ಊಟ’ ಎಂಬ ಪದ ಪಥ್ಯದ ಪಟ್ಟಿಯಲ್ಲಿದೆ, ಮಾತ್ರೆಯ ಸಾಲಿನಲ್ಲಿಲ್ಲ.

ಸಕ್ಕರೆ ಏರಿದರೆ ಆಗುವ ಹಾನಿಗೆ ಕರಪತ್ರ ಅರ್ಧ ಪುಟ ಕೊಟ್ಟಿದೆ: ಕಣ್ಣು, ಮೂತ್ರಪಿಂಡ, ಹೃದಯ, ನರ. ಇಳಿದರೆ? ‘ವೈದ್ಯರನ್ನು ಕಾಣಿರಿ’ ಎಂದು ಒಂದು ಸಾಲು. ಏರಿದ ಸಕ್ಕರೆ ಸಾಮಾನ್ಯವಾಗಿ ವರ್ಷಗಳ ಲೆಕ್ಕದಲ್ಲಿ ಕೆಡಿಸುತ್ತದೆ. ಇಳಿದ ಸಕ್ಕರೆಯದು ನಿಮಿಷಗಳ ಲೆಕ್ಕ. ಹೊಲದಲ್ಲಿ ಬಿದ್ದವಳಿಗೆ ಆ ಕ್ಷಣಕ್ಕೆ ಬೇಕಾದದ್ದು ಸುಮಾರು 15 ಗ್ರಾಂ, ಅಂದರೆ ಮೂರು ಟೀ ಚಮಚ ಸಕ್ಕರೆ ಕದಡಿದ ನೀರು. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಇನ್ನೊಂದು ಸಲ. ಆಮೇಲೆ ಊಟ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಚೇತರಿಸಿಕೊಂಡರೂ ಆಸ್ಪತ್ರೆಗೆ ಹೋಗುವುದೇ ಕ್ಷೇಮ. ಏಕೆಂದರೆ ಈ ಮಾತ್ರೆಗಳ ಪರಿಣಾಮ ಬಹಳ ಹೊತ್ತು ಉಳಿಯುತ್ತದೆ, ಸಕ್ಕರೆ ಮತ್ತೆ ಕುಸಿಯಬಹುದು. ಮುಪ್ಪಿನವರಲ್ಲಿ, ಮೂತ್ರಪಿಂಡ ಸೋತವರಲ್ಲಿ ಇನ್ನೂ ಹೆಚ್ಚು. ಈ ಐದಾರು ವಾಕ್ಯಗಳಿಗೆ ಜಾಗ ಸಾಲದೆ ಹೋಯಿತು ಎನ್ನುವಂತಿಲ್ಲ. ನಗುವ ಸೇಬಿನ ಚಿತ್ರಕ್ಕೆ ಕಾಲು ಪುಟ ಹೋಗಿದೆ.

ಅರ್ಧ ವಾಕ್ಯವನ್ನು ಪೂರ್ತಿ ಮಾಡಬಲ್ಲವರು ಯಾರು? ಚೀಟಿ ಬರೆಯುವ ವೈದ್ಯರಿಗೆ ಸಾಲು ನಿಂತ ನೂರು ಜನರಿರುತ್ತಾರೆ. ರೋಗಿಯ ದಿನಚರಿಯನ್ನು ಕೇಳುವ ಅವಕಾಶ, ಕೇಳುವ ಕಲೆ ಎರಡೂ ಇರುವುದು ಶುಶ್ರೂಷಕಿಯರಿಗೆ. ‘ಮಾತ್ರೆ ತಗೊಳ್ತಿದ್ದೀರಾ ಅಮ್ಮ?’ ಎಂದರೆ ಯಾರೇ ಆಗಲಿ ‘ಊಂ’ ಎನ್ನುತ್ತಾರೆ. ‘ಬೆಳಗ್ಗೆ ಹೊಟ್ಟೆಗೆ ಮೊದಲು ಹಾಕೋದು ಎಷ್ಟು ಗಂಟೆಗೆ?’ ಎಂದು ಕೇಳಿ ನೋಡಿ. ‘ಹತ್ತರ ಮೇಲೇ ಕಣವ್ವ ಹಿಟ್ಟು’ ಎಂಬ ಉತ್ತರ ಬರುತ್ತದೆ. ಈ ಒಂದು ಉತ್ತರವನ್ನು ಶುಶ್ರೂಷಕಿ ವೈದ್ಯರಿಗೆ ಮುಟ್ಟಿಸಿದರೆ ಮಾತ್ರೆಯ ಹೊತ್ತು ಊಟದ ಹೊತ್ತಿಗೆ ಸರಿಯುತ್ತದೆ, ಇಲ್ಲವೇ ಮಾತ್ರೆಯೇ ಬದಲಾಗುತ್ತದೆ. ಹಳ್ಳಿಯ ಆರೋಗ್ಯ ಉಪಕೇಂದ್ರಗಳಲ್ಲಿ ಈಗ ಸಮುದಾಯ ಆರೋಗ್ಯ ಅಧಿಕಾರಿಗಳಾಗಿ ಇರುವವರಲ್ಲಿ ಹೆಚ್ಚಿನವರು ಶುಶ್ರೂಷೆ ಓದಿದವರೇ. ಕರಪತ್ರದಲ್ಲಿ ಮಾತ್ರ ಶುಶ್ರೂಷಕಿ ರಕ್ತದೊತ್ತಡ ಅಳೆಯುವ ಒಂದು ಚಿತ್ರವಾಗಿದ್ದಾಳೆ.

ಇನ್ಸುಲಿನ್ ವಿಷಯಕ್ಕೆ ಬರೋಣ. ‘ರೆಫ್ರಿಜರೇಟರಿನಲ್ಲಿಡಿ’ ಎಂದಷ್ಟೇ ಇದೆ. ತೆರೆಯದ ಸೀಸೆಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಬೇಕು, ನಿಜ. ಫ್ರಿಜ್ ಇಲ್ಲದ ಮನೆಯವರು ಏನು ಮಾಡಬೇಕು? ಮಣ್ಣಿನ ಮಡಕೆಯ ಹೊರಮೈಯಿಂದ ನೀರು ಆವಿಯಾಗುವಾಗ ಶಾಖವನ್ನು ಹೀರುತ್ತದೆ ಎಂದು ಎಂಟನೆಯ ತರಗತಿಯ ಮಕ್ಕಳಿಗೂ ಗೊತ್ತು. ನೀರಿನ ಮಡಕೆಯೊಳಗೆ, ಸೀಸೆಗೆ ನೀರು ತಾಗದಂತೆ ಇಡುವ ಉಪಾಯ ಎಷ್ಟೋ ಮನೆಗಳನ್ನು ಕಾಪಾಡಿದೆ. ಬಳಕೆಯಲ್ಲಿರುವ ಸೀಸೆಯ ಬಗ್ಗೆ ಇನ್ನಷ್ಟು ಧೈರ್ಯ ತರುವ ಫಲಿತಾಂಶವೂ ಇದೆ. ಗಡಿರಹಿತ ವೈದ್ಯರ ಸಂಸ್ಥೆ ಮತ್ತು ಜಿನೀವಾ ವಿಶ್ವವಿದ್ಯಾಲಯ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 25ರಿಂದ 37 ಡಿಗ್ರಿಗಳ ನಡುವೆ ಏರಿಳಿಯುವ ಉಷ್ಣತೆಯಲ್ಲಿ ನಾಲ್ಕು ವಾರ ಇಟ್ಟ ಇನ್ಸುಲಿನ್‌ನ ಶಕ್ತಿ ಗಣನೀಯವಾಗಿ ಕುಗ್ಗಲಿಲ್ಲ. ಫ್ರೀಜರಿನಲ್ಲಿಟ್ಟು ಹೆಪ್ಪುಗಟ್ಟಿಸಿದರೆ ಮಾತ್ರ ಅದನ್ನು ಎಸೆಯಬೇಕಾಗುತ್ತದೆ. ಈ ಮಾತೂ ಹಾಳೆಯಲ್ಲಿಲ್ಲ.

ಅದಕ್ಕಿಂತ ದೊಡ್ಡ ಲೋಪ ಸಿರಿಂಜಿನದು. ನಮ್ಮಲ್ಲಿ ಸೀಸೆಯ ಇನ್ಸುಲಿನ್ ಸಾಮಾನ್ಯವಾಗಿ ಮಿಲಿಲೀಟರಿಗೆ 40 ಯೂನಿಟ್; ಪೆನ್ನಿನ ಕಾರ್ಟ್ರಿಜ್‌ನಲ್ಲಿ 100 ಯೂನಿಟ್. ಸಿರಿಂಜುಗಳೂ ಎರಡು ಬಗೆ: 40ರದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. ಅಧ್ಯಾಪಕರೇ, ತರಗತಿಯಲ್ಲಿ ಈ ಲೆಕ್ಕ ಕೊಡಿ. ರೋಗಿಗೆ 20 ಯೂನಿಟ್ ಬೇಕು. 40ರ ಸೀಸೆಯಿಂದ ಕಿತ್ತಳೆ ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಬರುವ ದ್ರವ 0.2 ಮಿಲಿಲೀಟರ್, ಅದರಲ್ಲಿರುವುದು 8 ಯೂನಿಟ್. ಪೆನ್ನು ಕೆಟ್ಟಿತೆಂದು 100ರ ಕಾರ್ಟ್ರಿಜ್‌ನಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಅದೇ 20ರ ಗೆರೆಗೆ ಎಳೆದರೆ 0.5 ಮಿಲಿಲೀಟರ್, ಅಂದರೆ 50 ಯೂನಿಟ್. ಎರಡೂವರೆ ಪಟ್ಟು! ಬಣ್ಣದ ಅಚ್ಚಿಗೆ ದುಡ್ಡು ಸುರಿದವರು ಆ ಎರಡು ಮುಚ್ಚಳಗಳ ಬಣ್ಣವನ್ನಾದರೂ ತೋರಿಸಬಹುದಿತ್ತು.

ರಾಗಿಯ ಬಗ್ಗೆ ಒಂದು ಮಾತು. ‘ಅನ್ನದ ಬದಲು ರಾಗಿ ಮುದ್ದೆ ಉಣ್ಣಿ’ ಎಂಬ ಸಲಹೆ ಕೇಳಲು ಹಿತವಾಗಿದೆ. ರಾಗಿಯಲ್ಲಿ ನಾರು, ಸುಣ್ಣದ ಅಂಶ ಹೆಚ್ಚು ಎಂಬುದೂ ದಿಟ. ಆದರೆ 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಶರ್ಕರಪಿಷ್ಟವಿದೆ. ಮೊದಲೇ ಎರಡು ಹೊತ್ತು ಮುದ್ದೆ ಉಣ್ಣುವ ಜಿಲ್ಲೆಗೆ ಹೇಳಬೇಕಾದದ್ದು ಮುದ್ದೆಯ ಗಾತ್ರವನ್ನು.

‘ಎಚ್‌ಬಿಎ1ಸಿ 7ಕ್ಕಿಂತ ಕಡಿಮೆ ಇರಲಿ’ ಎಂಬ ಸಾಲು ಬೆಂಗಳೂರಿನಲ್ಲಿ ಬಹುಮಟ್ಟಿಗೆ ನಡೆದೀತು. ಬಿಳಿಗಿರಿರಂಗನ ಬೆಟ್ಟದ ಪೋಡಿನಲ್ಲಿ ಅದನ್ನು ಎಚ್ಚರದಿಂದ ಓದಬೇಕು. ಈ ಪರೀಕ್ಷೆ ಅಳೆಯುವುದು ಹೀಮೋಗ್ಲೋಬಿನ್‌ಗೆ ಅಂಟಿದ ಗ್ಲುಕೋಸನ್ನು. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ ಎಂಬುದು ಅದರ ಆಧಾರ. ಸೋಲಿಗರೂ ಸೇರಿದಂತೆ ಇಲ್ಲಿಯ ಬುಡಕಟ್ಟು ಸಮುದಾಯಗಳಲ್ಲಿ ಕುಡುಗೋಲು ಕಣದ ಜೀನು ಇದೆ. ಕುಡುಗೋಲು ಕಣ ರೋಗವಿದ್ದವರಲ್ಲಿ ರಕ್ತಕಣ ಬೇಗ ಸಾಯುತ್ತದೆ, ಸಕ್ಕರೆ ಅಂಟಲು ಸಮಯವೇ ಸಿಗುವುದಿಲ್ಲ. ಸಂಖ್ಯೆ ಸುಳ್ಳಾಗಿ ಕಡಿಮೆ ಬರುತ್ತದೆ. ಲಕ್ಷಣವಿಲ್ಲದೆ ಜೀನು ಹೊತ್ತವರಲ್ಲಿಯೂ ಕೆಲವು ಪರೀಕ್ಷಾ ವಿಧಾನಗಳು ದಾರಿ ತಪ್ಪಿಸುತ್ತವೆ. ಕಬ್ಬಿಣದ ಕೊರತೆಯ ರಕ್ತಹೀನತೆಯಲ್ಲಾದರೆ ಸಂಖ್ಯೆ ಸುಳ್ಳಾಗಿ ಏರಬಹುದು. ಇಂಥ ಕಡೆ ಬೆರಳು ಚುಚ್ಚಿ ಉಪವಾಸದಲ್ಲಿ, ಊಟದ ನಂತರ ನೋಡುವ ನೇರ ಗ್ಲುಕೋಸ್ ಅಳತೆಯೇ ಹೆಚ್ಚು ನಂಬಿಕೆಗೆ ಅರ್ಹ.

ಪಾದದ ಬಗ್ಗೆ ‘ಒಳ್ಳೆಯ ಶೂ ಧರಿಸಿ’ ಎಂದಿದೆ. ಶಿವರಾತ್ರಿಗೆ ಉಪವಾಸವಿದ್ದು ಬರಿಗಾಲಿನಲ್ಲಿ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆಯುವ ಜನರ ಜಿಲ್ಲೆ ಇದು. ಸ್ಪರ್ಶ ಸತ್ತ ಪಾದಕ್ಕೆ ಕಾದ ಕಲ್ಲು ಕಾದದ್ದೆಂದು ತಿಳಿಯುವುದಿಲ್ಲ. ಹತ್ತು ಗ್ರಾಂ ಬಲದ ಒಂದು ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿ, ಗೊತ್ತಾಯಿತೇ ಎಂದು ಕೇಳಿ ಶುಶ್ರೂಷಕಿ ಇದನ್ನು ಮೊದಲೇ ಪತ್ತೆ ಮಾಡಬಲ್ಲಳು. ಹೋಗಬೇಡಿ ಎಂದರೆ ಯಾರೂ ಕೇಳರು. ಹೊರಡುವ ವಾರದ ಮುಂಚೆ ಬಂದು ಪಾದ ತೋರಿಸಿ, ಉಪವಾಸದ ದಿನದ ಮಾತ್ರೆ, ಇನ್ಸುಲಿನ್ ಬಗ್ಗೆ ಕೇಳಿಕೊಂಡು ಹೋಗಿ ಎಂದರೆ ಕೇಳಿಯಾರು.

2024ರಲ್ಲಿ ಕೋಲಾರದಲ್ಲಿ ಪ್ರಾಯೋಗಿಕವಾಗಿ ಆರಂಭವಾದ ರಾಜ್ಯ ಸರ್ಕಾರದ ಗೃಹ ಆರೋಗ್ಯ ಯೋಜನೆಯಲ್ಲಿ ಮಧುಮೇಹದ ತಪಾಸಣೆ, ಮಾತ್ರೆ ಎರಡೂ ಮನೆ ಬಾಗಿಲಿಗೆ ಬರುತ್ತವೆ. ಒಳ್ಳೆಯದೇ. ಮಾತ್ರೆಯ ಜೊತೆಗೆ ಬರುವ ಹಾಳೆ ಯಾವುದು ಎಂಬುದು ನನ್ನ ಪ್ರಶ್ನೆ. ಅಚ್ಚಿಗೆ ಕಳಿಸುವ ಮುನ್ನ ಅದನ್ನು ಪರೀಕ್ಷಿಸುವುದು ಕಷ್ಟವಲ್ಲ. ನಿಮ್ಮ ವಿದ್ಯಾರ್ಥಿಗಳೇ ಮಾಡಬಹುದು. ಮನೆಯಲ್ಲಿ ಮಾತ್ರೆ ನುಂಗುವ ಅಜ್ಜಿಗೋ ದೊಡ್ಡಪ್ಪನಿಗೋ ಹಾಳೆಯನ್ನು ಓದಿ ಹೇಳಲಿ. ಆಮೇಲೆ ಹಾಳೆಯನ್ನು ಮಡಿಚಿಟ್ಟು ಮೂರು ಪ್ರಶ್ನೆ ಕೇಳಲಿ: ನಾಳೆ ಮಾತ್ರೆ ನುಂಗುವುದು ಯಾವಾಗ? ನಾಳೆ ಊಟ ತಡವಾದರೆ ಏನು ಮಾಡುತ್ತೀರಿ? ಕೈ ನಡುಗಿದರೆ ಸೆರಗಿನ ಗಂಟಿನಲ್ಲೋ ಜೇಬಿನಲ್ಲೋ ಏನಿರುತ್ತದೆ? ಅವರು ಕೊಟ್ಟ ಉತ್ತರಗಳನ್ನು ಹಾಗೆಯೇ ಬರೆದು, ಉಪಕೇಂದ್ರದ ಸಿಸ್ಟರ್ ಕೈಗೆ ಕೊಡಲಿ.